ಜೋಳದ ಸೀಮೆಯ ದ್ರಾಕ್ಷಿ ದಾರಿ

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ನಾಡಿನ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ನೀರಿನ ಕಾರಣಕ್ಕೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರಲ್ಲಿ ಇಲ್ಲಿ ರೈತರು ಹೂಡಿದ ಧರಣಿ ತಿಂಗಳುಗಟ್ಟಲೆ ನಡೆಯಿತು. ತುಂಗಭದ್ರಾ ಕಾಲುವೆ ಹರಿದ ಸಿಂಧನೂರಿನ ಕಡೆ ಭತ್ತದ ಹಸಿರು. ನೀರು ಬಾರದ ಕಡೆ ಜೋಳ, ತೊಗರಿ, ಹತ್ತಿ. ಇಂಥ ಸೀಮೆಯ ಗೆಳೆಯರ ಗುಂಪೊಂದು ಊಟ ಮತ್ತು ವೈನ್ ರುಚಿ ನೋಡುವ ಪ್ರವಾಸಕ್ಕೆ ಹೊರಡಬೇಕೆಂದರೆ ಫ್ರಾನ್ಸಿನ ಹಳ್ಳಿಗಾಡಿಗೇ ಹೋಗಬೇಕಿಲ್ಲ. ಮಸ್ಕಿ, ತಾವರಗೇರಾ ದಾಟಿ ಕುಷ್ಟಗಿ ಮುಟ್ಟಿದರೆ ದ್ರಾಕ್ಷಿಯ ದಾರಿ ಅಲ್ಲಿಂದಲೇ ಶುರು.

ಕೊಪ್ಪಳ ಜಿಲ್ಲೆಯ ಬಂಡೆಗುಡ್ಡಗಳ ನಡುವೆ ‘ಕೃಷ್ಮಾ ಎಸ್ಟೇಟ್ಸ್’ ಇದೆ. ಹೈದರಾಬಾದಿನ ಔಷಧೋದ್ಯಮಿ ದಂಪತಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ಹದಿನೈದು ವರ್ಷಗಳಿಗೂ ಹಿಂದೆ ಕಟ್ಟಿದ ತೋಟ ಇದು. ಫ್ರಾನ್ಸಿನ ಬೋರ್ಡೊ ಸೀಮೆಯ ಕ್ಯಾಬರ್ನೆ ಸೋವಿನ್ಯೋನ್, ಸೋವಿನ್ಯೋನ್ ಬ್ಲಾಂ, ಇಟಲಿಯ ಸಾಂಜೊವೇಸೆ ತಳಿಗಳು ಇಲ್ಲಿ ಬೇರೂರಿವೆ. ಪಕ್ಕದ ಹಂಪಿ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ. 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ವ್ಯಾಪಾರಿ ದೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಒಂದು ಹಣಕ್ಕೆ (ಆಗಿನ ನಾಣ್ಯ) ಮೂರು ಗೊಂಚಲಿನಂತೆ ಸಿಗುತ್ತಿತ್ತೆಂದು ಬರೆದಿಟ್ಟಿದ್ದಾನೆ.

ವೈನ್ ಕಸುಬಿನ ಅರ್ಧ ಜೀವ ಇರುವುದು ಕತ್ತರಿಯಲ್ಲಿ. ಫ್ರಾನ್ಸಿನಲ್ಲಿ ಚಳಿ ಬಿದ್ದರೆ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸ. ಏಪ್ರಿಲ್ ಚಾಟ್ನಿಯಲ್ಲಿ ಹಳೆಯ ಕಡ್ಡಿಗಳನ್ನು ಬುಡದ ಹತ್ತಿರಕ್ಕೆ ಸವರಿ ಹಾಕುತ್ತಾರೆ. ಹೊಸ ಕಡ್ಡಿ ಬೆಳೆದು, ಬಿಸಿಲುಂಡು ಬಲಿತು, ಮುಂದಿನ ಹೂಗೊಂಚಲಿನ ಮೊಗ್ಗನ್ನು ಒಳಗೇ ಕಟ್ಟಿಕೊಳ್ಳುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಅಕ್ಟೋಬರ್ ಚಾಟ್ನಿ. ಆಗ ಕಡ್ಡಿಯ ಮೇಲೆ ಎಷ್ಟು ಕಣ್ಣು ಉಳಿಸಬೇಕೆಂಬ ಲೆಕ್ಕ ತಪ್ಪಿದರೆ ಆ ವರ್ಷದ ಫಸಲೇ ತಪ್ಪಿತು. ಎರಡು ಚಾಟ್ನಿಗೆ ಒಂದೇ ಕೊಯ್ಲು, ಅದೂ ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಹಗಲು ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ಹನಿ ನೀರಾವರಿಯಲ್ಲಿ ನೀರನ್ನೂ ಬೇಕೆಂದೇ ಬಿಗಿಹಿಡಿಯುತ್ತಾರೆ. ನೀರು ಹೆಚ್ಚಾದರೆ ಹಣ್ಣು ಊದುತ್ತದೆ, ರಸ ಸಪ್ಪೆಯಾಗುತ್ತದೆ.

ಕೊಯ್ದ ಹಣ್ಣನ್ನು ತೊಟ್ಟು ಬಿಡಿಸಿ ಒಡೆಯುತ್ತಾರೆ. ಕೆಂಪು ವೈನ್‌ಗಾದರೆ ರಸದ ಜೊತೆ ಸಿಪ್ಪೆಯೂ ಹುದುಗಬೇಕು. ಬಣ್ಣ, ಒಗರು ಎರಡೂ ಅದರದೇ. ಬಿಳಿ ವೈನ್‌ಗೆ ಸಿಪ್ಪೆ ಬೇರೆ ಮಾಡಿ, ರಸವನ್ನಷ್ಟೇ ತಣ್ಣನೆಯ ಸ್ಟೀಲ್ ಟ್ಯಾಂಕುಗಳಲ್ಲಿ ನಿಧಾನ ಹುದುಗಿಸುತ್ತಾರೆ. ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು. ಕೆಲವು ಕೆಂಪು ವೈನ್ ಮುಂದೆ 225 ಲೀಟರಿನ ಓಕ್ ಪೀಪಾಯಿ ಸೇರಿ ತಿಂಗಳುಗಟ್ಟಲೆ ಕೂರುತ್ತದೆ.

ಈ ವಿದ್ಯೆಯನ್ನು ಕರ್ನಾಟಕಕ್ಕೆ ತಂದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಕನ್ವಲ್ ಗ್ರೋವರ್. ವ್ಯಾಪಾರದ ಕೆಲಸಕ್ಕೆ ಫ್ರಾನ್ಸಿಗೆ ಹೋಗಿಬರುತ್ತಿದ್ದ ಅವರು ಅಲ್ಲಿನ ವೈನಿಗೆ ಮನಸೋತು, ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆಯಂತೆ ತಳಿಗಳನ್ನು ಪರೀಕ್ಷಿಸಿ, ಕೊನೆಗೆ ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲನ್ನು ಆರಿಸಿಕೊಂಡರು. 1990ರ ದಶಕದಲ್ಲಿ ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾಂ ಈ ತೋಟದ ಸಲಹೆಗಾರರಾದರು. ಅಲ್ಲಿಯವರೆಗೆ ಆ ಭಾಗದ ಹೆಸರು ‘ಬೆಂಗಳೂರು ನೀಲಿ’ ದ್ರಾಕ್ಷಿಯದಾಗಿತ್ತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಹುಟ್ಟಿತು.

ವೈನ್ ಮುಟ್ಟದವರಿಗೂ ನಮ್ಮ ಈ ದ್ರಾಕ್ಷಿ ದಾರಿಯಲ್ಲಿ ನೋಡುವುದು ಬಹಳ ಇದೆ. ಕುಷ್ಟಗಿಯಿಂದ ಹೆದ್ದಾರಿ ಹಿಡಿದು ಇಳಕಲ್, ಹುನಗುಂದ ದಾಟಿ ಕೃಷ್ಣೆಯಾಚೆ ಹೋದರೆ ವಿಜಯಪುರ, ರಾಜ್ಯದ ದ್ರಾಕ್ಷಿಯ ದೊಡ್ಡ ಮನೆ. ಅಲ್ಲಿನ ಬೆಳೆಗಾರರು ಬೀಜವಿಲ್ಲದ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಗಾಳಿ ಆಡುತ್ತ ಎರಡು ಮೂರು ವಾರಕ್ಕೆ ಒಣದ್ರಾಕ್ಷಿ ಸಿದ್ಧ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಂದು ಕಿಲೋಗೆ ಇಳಿಯುತ್ತದೆ. ಒಣಗಲು ಹಾಕಿದ ದಿನಗಳಲ್ಲಿ ಅಕಾಲ ಮಳೆ ಹೊಡೆದರೆ ಹಣ್ಣು ಕಪ್ಪಾಗಿ ದರ ಬೀಳುತ್ತದೆ. ಮಾರ್ಚ್ ಬಂತೆಂದರೆ ಬೆಳೆಗಾರರ ಕಣ್ಣು ಮೋಡದ ಮೇಲೆ.

ಊಟದ ಮಾತಿಗೆ ಬಂದರೆ ಈ ದಾರಿ ಯಾವ ಸೀಮೆಗೂ ಕಡಿಮೆಯಿಲ್ಲ. ಬೆಳಿಗ್ಗೆ ಮಸ್ಕಿಯಲ್ಲಿ ಒಗ್ಗರಣಿ–ಮಿರ್ಚಿ ತಿಂದು, ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕ ಗುಡ್ಡ ನೋಡಿ ಹೊರಡಬಹುದು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಬಹುದು. ಎಳ್ಳು–ಶೇಂಗಾದ ಮಸಾಲೆ ತುಂಬಿದ ಬದನೆಕಾಯಿಯ ಎಣ್ಣೆ–ಖಾರಕ್ಕೆ ಒಗರು ಕಡಿಮೆಯಿರುವ ಕೆಂಪು ವೈನ್ ಚೆನ್ನಾಗಿ ಒಗ್ಗುತ್ತದೆ.

ಫ್ರಾನ್ಸಿನಿಂದ ಕಲಿಯಬೇಕಾದದ್ದು ತಳಿಗಿಂತ ಹೆಚ್ಚಾಗಿ ತೋಟ, ಊಟ, ಊರುಗಳ ಜೋಡಣೆಯನ್ನು. ಆಲ್ಸಾಸ್ ಸೀಮೆಯವರು 1953ರಲ್ಲೇ ಸುಮಾರು 170 ಕಿಲೋಮೀಟರ್ ಉದ್ದದ ವೈನ್ ದಾರಿ ಗುರುತಿಸಿ, ತೋಟ, ಹಳ್ಳಿ, ಊಟದ ಮನೆಗಳನ್ನು ಒಂದೇ ದಾರಕ್ಕೆ ಪೋಣಿಸಿದರು. 1935ರ ಕಾನೂನು ವೈನಿಗೆ ಊರಿನ ಹೆಸರಿನ ರಕ್ಷೆ ಕೊಟ್ಟಿತು. ಫ್ರೆಂಚರ ಊಟದ ಪದ್ಧತಿ 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮಲ್ಲಿ ತೋಟ ಒಂದು ಕಡೆ, ಖಾನಾವಳಿ ಒಂದು ಕಡೆ, ಶಾಸನ ಮತ್ತೊಂದು ಕಡೆ. ಚಪ್ಪರ, ತಂತಿ, ಔಷಧಿಯ ಖರ್ಚು ನೋಡಿದರೆ ಎಲ್ಲ ರೈತರೂ ದ್ರಾಕ್ಷಿ ಹಚ್ಚಲಿ ಎನ್ನುವುದು ಸರಿಯಲ್ಲ. ಆದರೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಸಂಘಗಳಿಗೂ ಒಣದ್ರಾಕ್ಷಿ ಬೆಳೆಗಾರರಿಗೂ ಪ್ರವಾಸಿಗರ ದುಡ್ಡು ಮುಟ್ಟುವಂಥ ದಾರಿಯನ್ನು ಪ್ರವಾಸೋದ್ಯಮ ಇಲಾಖೆ ಗುರುತಿಸಲೇಬೇಕು.

ಹೋಗುವವರು ಫೆಬ್ರುವರಿಯಲ್ಲಿ ಹೋಗುವುದು ಒಳ್ಳೆಯದು, ಕೊಯ್ಲು ಕಣ್ಣಾರೆ ಕಾಣುತ್ತದೆ. ವೈನರಿಗಳಿಗೆ ಮೊದಲೇ ಫೋನ್ ಮಾಡಿ ಅನುಮತಿ ಪಡೆಯಿರಿ, ಕುಡಿಯದವರೊಬ್ಬರ ಕೈಗೆ ಗಾಡಿ ಕೊಡಿ.