ಬಾ ಅಂದರೆ ಬರಲು ಎಷ್ಟು ದಿನ?

ಮುಂಬೈ, ಪುಣೆಯಲ್ಲಿರುವ ನಮಗೆ ಊರಿಗೆ ಹೋಗುವ ತಯಾರಿ ಎಂದರೆ ರೈಲು ಟಿಕೆಟ್. ಮೊದಲು 120 ದಿನ ಮುಂಚೆ ಕಾಯ್ದಿರಿಸುತ್ತಿದ್ದೆವು, 2024ರ ನವೆಂಬರ್‌ನಿಂದ ಅದು 60 ದಿನಕ್ಕೆ ಇಳಿದಿದೆ. ದೀಪಾವಳಿಗೆ ವೇಟಿಂಗ್ ಲಿಸ್ಟ್ ಎಷ್ಟೇ ಉದ್ದವಿದ್ದರೂ ಕೊನೆಗೆ ಒಂದು ಬಸ್ಸಾದರೂ ಸಿಕ್ಕೇ ಸಿಗುತ್ತದೆ. ರಾತ್ರಿ ಫೋನ್ ಬಂದರೆ ಮರುದಿನ ಮಧ್ಯಾಹ್ನದೊಳಗೆ ಊರಲ್ಲಿರುತ್ತೇವೆ. ಇದು ಎಷ್ಟು ದೊಡ್ಡ ಧೈರ್ಯ ಎಂಬುದು ನನಗೆ ತಿಳಿದದ್ದು, ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಉಗಾಂಡಾದ ಗುಲು ಪಟ್ಟಣದಲ್ಲಿ ಸ್ವಯಂಸೇವಕನಾಗಿ ಇದ್ದಾಗ.

ಇಂಥ ಕೆಲಸಕ್ಕೆ ಹೋಗುವವರು ಈಗ ನಮ್ಮವರಲ್ಲೂ ಹೆಚ್ಚುತ್ತಿದ್ದಾರೆ. ಕಾಲೇಜು ಮುಗಿಸಿದ ಹುಡುಗರೂ ಇದ್ದಾರೆ, ನನ್ನಂಥ ಪಿಂಚಣಿದಾರರೂ ಇದ್ದಾರೆ. ವಿಶ್ವಸಂಸ್ಥೆ 1970ರಲ್ಲಿ ಆರಂಭಿಸಿದ, ಜರ್ಮನಿಯ ಬಾನ್ ನಗರದಿಂದ ನಡೆಯುವ ಸ್ವಯಂಸೇವಕರ ಕಾರ್ಯಕ್ರಮದಿಂದ ಹಿಡಿದು ಚಿಕ್ಕಪುಟ್ಟ ಸಂಸ್ಥೆಗಳವರೆಗೆ ದಾರಿಗಳು ಹಲವು. ಹೋಗುವ ತಯಾರಿ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಡುವೆ ಮನೆಗೆ ಬರಬೇಕಾದರೆ ಏನು ಮಾಡುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಗುಲು ಉತ್ತರ ಉಗಾಂಡಾದ ಅಚೋಲಿ ಜನರ ಊರು. ಎರಡು ದಶಕ ಬಂಡುಕೋರರ ಯುದ್ಧ ಕಂಡ ನಾಡು. ಅಲ್ಲಿ ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಅಂಗಡಿ ಲೆಕ್ಕ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಅಲ್ಲಿಂದ ರಾಜಧಾನಿ ಕಂಪಾಲಾಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕರುಮಾ ಎಂಬಲ್ಲಿ ನೈಲ್ ನದಿ ದಾಟಿ ಬಸ್ಸಿನಲ್ಲಿ ಆರೇಳು ತಾಸು. ಕಂಪಾಲಾದಿಂದ ವಿಕ್ಟೋರಿಯಾ ಸರೋವರದ ದಂಡೆಯ ಎಂಟೆಬ್ಬೆ ವಿಮಾನ ನಿಲ್ದಾಣಕ್ಕೆ ಇನ್ನೂ ನಲವತ್ತು ಕಿಲೋಮೀಟರ್. ಕಂಪಾಲಾದ ಟ್ರಾಫಿಕ್ ಕಂಡವರು ನಮ್ಮ ಘೋಡ್‌ಬಂದರ್ ರಸ್ತೆಯನ್ನು ಬೈಯುವುದಿಲ್ಲ.

ಹೊರಡುವ ಮೊದಲು ಗದಗಕ್ಕೆ ಹೋಗಿ ಅವ್ವನ ಎದುರು ಕೂತೆ. ಆಕೆಗೆ ಆಗ 84 ವರ್ಷ, ತಮ್ಮನ ಮನೆಯಲ್ಲಿದ್ದಳು. ಹೇಗೆ ಕೇಳುವುದೆಂದು ನಾನು ಸುತ್ತುಬಳಸಿ ಮಾತಾಡುತ್ತಿದ್ದರೆ ಆಕೆಯೇ ತೆಗೆದಳು: "ನೀ ದೂರ ಇದ್ದಾಗ ನಾ ಹೋದರ ನಿನ್ನ ಹಾದಿ ಕಾಯಬ್ಯಾಡ ಅಂತ ಇವಗ ಹೇಳೀನಿ. ಮಣ್ಣ ತಮ್ಮ ಮಾಡತಾನ. ನೀ ಬಂದಾಗ ಗುಡ್ಡಿ ಮ್ಯಾಲ ಎರಡು ಹೂವ ಇಡು." ತಮ್ಮ ಎದ್ದು ಹೊರಗೆ ಹೋದ. ಅವ್ವ ಚಹಾ ಕುಡಿದಳು.

ಅವನು ಮರಳಿ ಬಂದ ಮೇಲೆ ನಾವಿಬ್ಬರೂ ಇನ್ನೆರಡು ಮಾತು ಕಟ್ಟಿಕೊಂಡೆವು. ಮೊದಲನೆಯದು, ನನ್ನಿಂದ ಏನನ್ನೂ ಮುಚ್ಚಿಡಬಾರದು. ದೂರ ಇದ್ದವರಿಗೆ ಹೇಳಬೇಡಿ, ಸುಮ್ಮನೆ ಗಾಬರಿ ಆಗುತ್ತಾರೆ ಎನ್ನುವುದು ನಮ್ಮ ಮನೆಗಳ ಹಳೆಯ ಪ್ರೀತಿ. ಅದರಿಂದ ಆಗುವುದು ಒಂದೇ: 'ಅರಾಮ ಅದಾರ' ಎಂಬ ಮಾತನ್ನೂ ದೂರದವನು ನಂಬದಂತಾಗುತ್ತಾನೆ. ಎರಡನೆಯದು, ಆಸ್ಪತ್ರೆಯಲ್ಲಿ ಸಹಿ ಹಾಕಬೇಕಾಗಿ ಬಂದರೆ ಹಿರಿಮಗ ಬರಲಿ ಎಂದು ಕಾಯಬಾರದು. ಎಷ್ಟು ಮನೆಗಳಲ್ಲಿ ನಾವು ಇದನ್ನು ನೋಡಿಲ್ಲ? ಬೆಂಗಳೂರಿನಿಂದ ಒಬ್ಬರು, ಅಮೆರಿಕದಿಂದ ಇನ್ನೊಬ್ಬರು ಬರುವವರೆಗೆ ಮುದುಕರು ಹಾಸಿಗೆಯಲ್ಲಿ ನರಳುತ್ತಿರುತ್ತಾರೆ.

ಕಾಗದಪತ್ರದ ಪಾಠ ಗುಲುವಿನಲ್ಲಾಯಿತು. ನಮ್ಮ ಜೊತೆ ಫಿಲಿಪ್ಪೀನ್ಸ್‌ನ ಒಬ್ಬ ನರ್ಸ್ ಇದ್ದಳು. ಆಕೆಯ ತಂದೆ ತೀರಿಕೊಂಡಾಗ ಪಾಸ್‌ಪೋರ್ಟ್ ಕೈಯಲ್ಲಿರಲಿಲ್ಲ. ಪರವಾನಗಿ ನವೀಕರಣಕ್ಕೆಂದು ರಾಜಧಾನಿಗೆ ಹೋಗಿತ್ತು. ವಿಮಾನವೂ ಇತ್ತು, ದುಡ್ಡೂ ಇತ್ತು. ಪಾಸ್‌ಪೋರ್ಟ್ ಬಂದದ್ದು ಐದನೇ ದಿನ. ತಂದೆಯ ಅಂತ್ಯಕ್ರಿಯೆಯನ್ನು ಆಕೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ನೋಡಿದಳು. ಅವತ್ತು ನಮ್ಮಲ್ಲಿ ಯಾರೂ ಊಟ ಮಾಡಲಿಲ್ಲ.

ಆಮೇಲೆ ನನ್ನ ನವೀಕರಣದ ಸರದಿ ಬಂದಾಗ, ಊರಲ್ಲಿ ಎಲ್ಲರೂ ನೆಟ್ಟಗಿದ್ದಾರೆ ಎಂದು ತಮ್ಮನಿಂದ ಖಾತ್ರಿ ಮಾಡಿಕೊಂಡೇ ಪಾಸ್‌ಪೋರ್ಟ್ ಕೊಟ್ಟೆ. ನಗುವ ಮಾತಲ್ಲ ಇದು. ತುರ್ತು ಬಿದ್ದರೆ ಯಾರ ಬಳಿ ಹೋಗಿ ವಾಪಸ್ ಕೇಳಬೇಕು ಎಂಬ ಹೆಸರು, ಫೋನ್ ನಂಬರು ಮೊದಲೇ ಬರೆದಿಟ್ಟುಕೊಳ್ಳಬೇಕು. ವೀಸಾ ಒಂದೇ ಪ್ರವೇಶದ್ದೋ, ಹಲವು ಪ್ರವೇಶದ್ದೋ ಎಂಬುದನ್ನೂ ನೋಡಬೇಕು. ಒಂದೇ ಪ್ರವೇಶದ್ದಾದರೆ ದೇಶದಿಂದ ಹೊರಬಿದ್ದ ಕೂಡಲೇ ಅದರ ಕತೆ ಮುಗಿಯಿತು, ಮರಳಲು ಮತ್ತೆ ಮೊದಲಿಂದ ಅರ್ಜಿ. ಪ್ರವಾಸಿ ವೀಸಾದ ಮೇಲೆ ಹೋಗಿ ಸೇವೆ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು: ಸಂಬಳವಿಲ್ಲದ ಕೆಲಸವೂ ಅಲ್ಲಿನ ಕಾನೂನಿಗೆ ಕೆಲಸವೇ.

ಇನ್ನೊಂದು ಕಾಗದ ಹಳದಿ ಬಣ್ಣದ್ದು. ಯೆಲ್ಲೋ ಫೀವರ್ ಲಸಿಕೆಯ ಪ್ರಮಾಣಪತ್ರ. ಆ ಜ್ವರ ಇರುವ ದೇಶಗಳ ಭಾರತದ ಪಟ್ಟಿಯಲ್ಲಿ ಉಗಾಂಡಾ, ಕೀನ್ಯಾ, ಇಥಿಯೋಪಿಯಾ ಎಲ್ಲ ಇವೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪತ್ರಕ್ಕೆ ಬೆಲೆ. 2016ರಿಂದ ಅದು ಜೀವಮಾನಪೂರ್ತಿ ನಡೆಯುತ್ತದೆ. ಅದಿಲ್ಲದೆ ಮುಂಬೈಯಲ್ಲಿ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅವ್ವ ಆಸ್ಪತ್ರೆಯಲ್ಲಿ, ಮಗ ವಿಮಾನ ನಿಲ್ದಾಣದ ಕ್ವಾರಂಟೈನಿನಲ್ಲಿ! ನಾನದನ್ನು ಪಾಸ್‌ಪೋರ್ಟಿನ ಹೊದಿಕೆಗೇ ಸಿಕ್ಕಿಸಿಟ್ಟಿದ್ದೆ.

ಕಾಗದ ಕೈಗೆಟಕುವಲ್ಲಿ ಇಡುವ ವಿಷಯದಲ್ಲಿ ಗುಲುವಿನ ಒಬ್ಬ ಗುಜರಾತಿ ಅಂಗಡಿಕಾರರ ಮುಂದೆ ನಾನು ಏನೂ ಅಲ್ಲ. 1972ರ ಆಗಸ್ಟ್‌ನಲ್ಲಿ ಇದಿ ಅಮೀನ್ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನ ಕೊಟ್ಟಾಗ ಅವರು ಶಾಲೆಯ ಹುಡುಗ. ತೊಂಬತ್ತರ ದಶಕದಲ್ಲಿ ಸರ್ಕಾರ ಮರಳಿ ಕರೆದಾಗ ಬಂದರು. ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದಾರೆ. ಮನೆಮಂದಿಯ ಪಾಸ್‌ಪೋರ್ಟೆಲ್ಲ ಅದರಲ್ಲೇ. "ಬೀರುವಿನಲ್ಲಿ ಇಟ್ಟರೆ ಬೀಗದ ಕೈ ಹುಡುಕಬೇಕಾಗುತ್ತದೆ" ಎಂದರು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸ್ವಯಂಸೇವಕನ ಭತ್ಯೆ ಊಟ-ಬಾಡಿಗೆಗೆ ಸರಿಹೋಗುತ್ತದೆ. ನಾಳೆಯೇ ಹೊರಡುವ ಟಿಕೆಟ್ಟು ಎರಡು ತಿಂಗಳ ಭತ್ಯೆಯನ್ನೂ ನುಂಗಬಹುದು. ಸಂಸ್ಥೆ ಮಾಡಿಸುವ ವಿಮೆಯನ್ನು ಒಮ್ಮೆ ಪೂರ್ತಿ ಓದಿ. ನಿಮಗೆ ಕಾಯಿಲೆಯಾದರೆ ಖರ್ಚು ಕೊಡುತ್ತದೆ, ತಾಯಿಗೆ ಆದರೆ ಕೊಡುತ್ತದೆಯೇ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ನನ್ನದರಲ್ಲಿ ಕೊಡುತ್ತಿರಲಿಲ್ಲ, ಹಾಗಾಗಿ ಒಂದು ಟಿಕೆಟ್ಟಿನ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೆ. ಕಂಪಾಲಾದಲ್ಲಿ ಭಾರತದ ಹೈಕಮಿಷನ್ ಇದೆ, ಹೋದ ಕೂಡಲೇ ಹೆಸರು ನೋಂದಾಯಿಸಿಕೊಳ್ಳಿ. ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕ ಭಾರತೀಯರಿಗಾಗಿ 2009ರಿಂದ ಒಂದು ಕಲ್ಯಾಣ ನಿಧಿಯೂ ಇದೆ, ಆದರೆ ಅದು ನಿಜವಾಗಿ ಗತಿಯಿಲ್ಲದವರಿಗೆ.

ಫೋನ್ ಬಂದದ್ದು ಒಂದು ಮಂಗಳವಾರ ರಾತ್ರಿ ಒಂಬತ್ತಕ್ಕೆ. ಊರಿಗಿಂತ ಅಲ್ಲಿ ಗಡಿಯಾರ ಎರಡೂವರೆ ತಾಸು ಹಿಂದೆ. ಗದಗದಲ್ಲಿ ಹನ್ನೊಂದೂವರೆ ಎಂದರೆ ತಮ್ಮ ಮಲಗಿರಬೇಕಾದ ಹೊತ್ತು, ಎತ್ತುವ ಮೊದಲೇ ಗೊತ್ತಾಯಿತು. "ಅಣ್ಣಾ, ಅವ್ವ ಬಚ್ಚಲದಾಗ ಬಿದ್ದಾಳ. ಸೊಂಟದ ಎಲುಬು ಮುರದೈತಿ. ಹುಬ್ಬಳ್ಳಿಗೆ ತಂದೀವಿ. ಡಾಕ್ಟರು ಎರಡು ದಿನದಾಗ ಆಪರೇಶನ್ ಆಗಬೇಕು ಅಂತಾರ. ನಾ ಸಹಿ ಮಾಡೀನಿ." ಕೊನೆಯ ಮಾತು ಕೇಳಿ ನಾನು ಕುರ್ಚಿಯಲ್ಲಿ ಕೂತೆ. ಆ ವಯಸ್ಸಿನಲ್ಲಿ ಸೊಂಟ ಮುರಿದು ಮಲಗಿದಷ್ಟೂ ಅಪಾಯ ಹೆಚ್ಚು. ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ.

ಯಾವ ವಾರ ಯಾವ ವಿಮಾನ ಎಂಬ ಚೀಟಿ ಗೋಡೆಯ ಮೇಲಿತ್ತು. ಎಂಟೆಬ್ಬೆಯಿಂದ ಮುಂಬೈಗೆ 2023ರ ಅಕ್ಟೋಬರ್‌ನಲ್ಲಿ ನೇರ ವಿಮಾನ ಶುರುವಾಗಿದೆ, ಆದರೆ ದಿನಾ ಇಲ್ಲ. ಮರುದಿನ ಇರಲಿಲ್ಲ. ಅಡಿಸ್ ಅಬಾಬಾ ಮೂಲಕ ಮುಂಬೈವರೆಗೆ ಒಂದೇ ಟಿಕೆಟ್ ತೆಗೆದೆ. ಬೇರೆ ಬೇರೆ ಟಿಕೆಟ್ ಕೊಂಡರೆ ಅಗ್ಗವಾಗುತ್ತಿತ್ತು, ಆದರೆ ಮೊದಲನೆಯದು ತಡವಾದರೆ ಎರಡನೆಯದರ ಹಣ ಹೋದಂತೆಯೇ. ಹುಬ್ಬಳ್ಳಿಯ ಟಿಕೆಟ್ಟನ್ನು ಅದಕ್ಕೇ ಮುಂಬೈಯಲ್ಲಿ ಇಳಿದ ಮೇಲೆ ಕೊಂಡೆ.

ಬೆಳಗಿನ ಐದೂವರೆಗೆ ಬಸ್ ನಿಲ್ದಾಣಕ್ಕೆ ಬಂದರೆ ನನ್ನ ತರಗತಿಯ ಮೂವರು ಹೆಣ್ಣುಮಕ್ಕಳು ಅಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಡಬ್ಬಿ 'ಓಡಿ'. ಎಳ್ಳು, ಶೇಂಗಾ ಹುರಿದು ಅರೆದ ಮುದ್ದೆ, ಅಚೋಲಿ ಮನೆಗಳಲ್ಲಿ ಅದಿಲ್ಲದೆ ಪಲ್ಯವಿಲ್ಲ. ತಾಯಿಗೆ ಕೊಡಿ ಎಂದರು. ಅಂಥ ಮುದ್ದೆಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಗೊತ್ತಿದ್ದುದರಿಂದ ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿದೆ.

ಗುರುವಾರ ಬೆಳಗ್ಗೆ ಮುಂಬೈಯ ಇಮಿಗ್ರೇಶನ್ ಸಾಲಿನಲ್ಲಿ ನಿಂತಾಗ ತಮ್ಮನ ಸಂದೇಶ ಬಂತು: ಒಳಗೆ ಕರಕೊಂಡು ಹೋದರು. ಹಳದಿ ಪತ್ರ ತೋರಿಸಿ ಹೊರಬಿದ್ದೆ. ಹುಬ್ಬಳ್ಳಿ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಫೋನ್ ಬಂದು ನಲವತ್ತು ತಾಸಾಗಿತ್ತು. ಅವ್ವ ಎಚ್ಚರಾಗಿದ್ದಳು. "ಅಷ್ಟು ದೂರದಿಂದ ಯಾಕ ಬಂದಿ?" ಎಂದು ಕೇಳಿ ನನ್ನ ಕೈ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಓಡಿಯನ್ನು ಬಿಸಿ ರೊಟ್ಟಿಗೆ ಹಚ್ಚಿ ಕೊಟ್ಟೆ. "ನಮ್ಮ ಶೇಂಗಾ ಹಿಂಡಿನ ಐತಿ ಇದು, ಬಳ್ಳೊಳ್ಳಿ-ಖಾರ ಹಾಕಿಲ್ಲ ಅಷ್ಟ" ಎಂದಳು. ಆರನೇ ವಾರ ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆದಳು. ವಾಪಸ್ ಟಿಕೆಟ್ಟಿನ ದಿನಾಂಕವನ್ನು ನಾನು ಅಷ್ಟರಲ್ಲಿ ಎರಡು ಸಲ ಮುಂದೂಡಿದ್ದೆ. ಮೂರನೇ ಸಲ ಫೋನ್ ಕೈಗೆತ್ತಿಕೊಂಡಾಗ ಆಕೆಯೇ ತಡೆದಳು. ಆ ಡಬ್ಬಿ ತೊಳೆಸಿ ಒಣಗಿಸಿ, ಸೊಸೆಯ ಕೈಲಿ ಶೇಂಗಾ ಹಿಂಡಿ ಕುಟ್ಟಿಸಿ ತುಂಬಿಸಿಟ್ಟಿದ್ದಳು. ಖಾರ ಕಡಿಮೆ ಹಾಕಿಸಿದ್ದಳು.