ರೂಪವೇ ಉಪಕರಣವಾದಾಗ: ಚೆಕ್ ಅನಿಮೇಷನ್ ಮಾಲಿಕೆ ‘ಕ್ರ್ತೆಕ್’ ಕುರಿತು ಒಂದು ಜಾನಪದೀಯ ವಿವೇಚನೆ

ಪ್ರಾಣಿಕಥೆಯು ಜನಪದ ಕಥಾಪ್ರಕಾರಗಳಲ್ಲಿ ಅತ್ಯಂತ ವ್ಯಾಪಕವಾದುದು. ಅಜ್ಜಿಯ ಬಾಯಿಂದ ಮೊಮ್ಮಕ್ಕಳ ಕಿವಿಗೆ ಇಳಿದುಬರುತ್ತಿದ್ದ ಈ ಪ್ರಕಾರವು ಇಪ್ಪತ್ತನೆಯ ಶತಮಾನದಲ್ಲಿ ಅನಿಮೇಷನ್ ಚಿತ್ರಗಳ ಮೂಲಕ ಬೆಳ್ಳಿತೆರೆಗೂ ಆ ಬಳಿಕ ಕಿರುತೆರೆಗೂ ಪ್ರವೇಶ ಪಡೆಯಿತು. ಈ ಸ್ಥಿತ್ಯಂತರವನ್ನು ಕುರಿತು ನಮ್ಮ ಜಾನಪದ ವಿದ್ವಾಂಸರಲ್ಲಿ ಬಹುಮಟ್ಟಿಗೆ ಎರಡು ನಿಲುವುಗಳಿವೆ. ಟೆಲಿವಿಷನ್ ಅಜ್ಜಿಯನ್ನು ಮೂಲೆಗೆ ತಳ್ಳಿತು ಎಂಬ ಆಕ್ಷೇಪ ಒಂದು. ಜನಪದ ಕಥೆಗಳನ್ನು ಅನಿಮೇಷನ್‌ಗೆ ಅಳವಡಿಸಿದರೆ ಅವು ಉಳಿಯುತ್ತವೆ ಎಂಬ ಆಶಯ ಇನ್ನೊಂದು. ಆದರೆ ಒಂದು ಅನಿಮೇಷನ್ ಪಾತ್ರವನ್ನು ಮಗು ಯಾಕೆ ಅಷ್ಟೊಂದು ಹಚ್ಚಿಕೊಳ್ಳುತ್ತದೆ ಎಂಬ ಪ್ರಾಥಮಿಕ ಪ್ರಶ್ನೆಯನ್ನು ಈ ಎರಡೂ ನಿಲುವುಗಳು ಕೇಳಿಕೊಂಡಂತಿಲ್ಲ. ಈ ಪ್ರಶ್ನೆಗೆ ಉತ್ತರ ದೊರೆಯದೆ ಅಳವಡಿಕೆಯ ಕಾರ್ಯಕ್ಕೆ ತೊಡಗಿದರೆ ಕಥೆಯ ಹೆಸರಷ್ಟೇ ಉಳಿದು ಜೀವ ಹೋಗುವ ಅಪಾಯವಿದೆ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಒಂದೇ ಒಂದು ಮಾಲಿಕೆಯನ್ನು ಆಯ್ದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ.

ಆ ಮಾಲಿಕೆ ಅಂದಿನ ಚೆಕೊಸ್ಲೊವಾಕಿಯಾದಲ್ಲಿ ರೂಪುಗೊಂಡ ‘ಕ್ರ್ತೆಕ್’. ಕ್ರ್ತೆಕ್ ಎಂದರೆ ಚೆಕ್ ಭಾಷೆಯಲ್ಲಿ ನೆಲದಡಿ ಸುರಂಗ ಕೊರೆದು ಬಾಳುವ ಮೋಲ್ ಎಂಬ ಪ್ರಾಣಿ. ಈ ಪ್ರಾಣಿ ನಮ್ಮ ನಾಡಿನಲ್ಲಿಲ್ಲ. ಇದನ್ನು ಹೆಗ್ಗಣವೆಂದು ಅನುವಾದಿಸಿದರೆ ಧಾನ್ಯ ಕದಿಯುವ ಬೇರೊಂದು ಜೀವಿ ಕಣ್ಣಮುಂದೆ ಬರುತ್ತದೆ. ಆದ್ದರಿಂದ ಮೂಲದ ಹೆಸರನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ. ಇದರ ಕರ್ತೃ ಝ್ದೆನೆಕ್ ಮಿಲೆರ್ (1921-2011). ಕ್ಲಾದ್ನೊ ಎಂಬ ಊರಿನಲ್ಲಿ ಹುಟ್ಟಿದ ಈತ ಪ್ರಾಗ್‌ನ ‘ಬ್ರಾತ್ರಿ ವ್ ತ್ರಿಕು’ ಎಂಬ ಅನಿಮೇಷನ್ ಸ್ಟುಡಿಯೋದಲ್ಲಿ ದುಡಿದವನು. ನಾರುಬಟ್ಟೆ ತಯಾರಾಗುವ ಬಗೆಯನ್ನು ಮಕ್ಕಳಿಗೆ ತಿಳಿಸುವ ಚಿತ್ರವೊಂದನ್ನು ಮಾಡಬೇಕಾಗಿ ಬಂದಾಗ ಅದಕ್ಕೆ ತಕ್ಕ ನಾಯಕನನ್ನು ಅವನು ಹುಡುಕುತ್ತಿದ್ದನು. ಒಮ್ಮೆ ನಡೆದು ಹೋಗುತ್ತಿರುವಾಗ ಈ ಪ್ರಾಣಿ ಎಬ್ಬಿಸಿದ ಮಣ್ಣಿನ ಗುಡ್ಡೆಯನ್ನು ಎಡವಿದಾಗ ನಾಯಕನು ಸಿಕ್ಕಿದನೆಂದು ಪ್ರತೀತಿ. ಹೀಗೆ 1957ರಲ್ಲಿ ಮೊದಲ ಚಿತ್ರ ‘ಕ್ರ್ತೆಕ್‌ಗೆ ಚಡ್ಡಿ ದೊರೆತ ಬಗೆ’ ಹೊರಬಂದು ವೆನಿಸ್‌ನಲ್ಲಿ ಬಹುಮಾನ ಗಳಿಸಿತು. 2002ರವರೆಗೆ ಸುಮಾರು ಐವತ್ತು ಚಿತ್ರಗಳು ಬಂದವು.

ಮೊದಲ ಚಿತ್ರದ ಕಥೆಯನ್ನು ಸ್ವಲ್ಪ ವಿವರವಾಗಿ ಗಮನಿಸಬೇಕು. ಕ್ರ್ತೆಕ್‌ಗೆ ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟ ವಸ್ತುಗಳನ್ನು ಇಟ್ಟುಕೊಳ್ಳಲು ಜೇಬಿಲ್ಲ. ಒಣಹಾಕಿದ ನೀಲಿ ಚಡ್ಡಿಯೊಂದನ್ನು ಅದು ನೋಡುತ್ತದೆ. ತನಗೂ ದೊಡ್ಡ ಜೇಬುಗಳಿರುವ ಅಂಥದೊಂದು ಬೇಕೆನಿಸುತ್ತದೆ. ಸಿಕ್ಕಸಿಕ್ಕವರನ್ನು ಕೇಳುತ್ತ ಹೊರಡುತ್ತದೆ. ಏಡಿಯಂತೆ ಇಕ್ಕಳಗೈಗಳಿರುವ ಕ್ರೇಫಿಶ್, ಬಟ್ಟೆ ತಂದರೆ ಕತ್ತರಿಸಿಕೊಡಲು ಒಪ್ಪುತ್ತದೆ. ಜೊಂಡಿನಲ್ಲಿ ಗೂಡು ಹೆಣೆಯುವ ಹಕ್ಕಿ ಹೊಲಿದುಕೊಡಲು ಒಪ್ಪುತ್ತದೆ. ಆದರೆ ಬಟ್ಟೆ ಎಲ್ಲಿಂದ ಬರಬೇಕು? ಅಗಸೆಯ ಗಿಡವು ತನ್ನನ್ನು ಸಾಕಿದರೆ ನಾರು ಕೊಡುವೆನೆಂದು ದಾರಿ ತೋರುತ್ತದೆ. ಕ್ರ್ತೆಕ್ ಕಳೆ ಕೀಳುತ್ತದೆ, ನೀರು ಹೊರುತ್ತದೆ, ಹುಳುಗಳಿಂದ ಗಿಡವನ್ನು ಕಾಯುತ್ತದೆ. ಗಿಡ ಬಲಿತ ಮೇಲೆ ಕಿತ್ತು ನೀರಿನಲ್ಲಿ ನೆನೆಹಾಕಲು ಕಪ್ಪೆ ನೆರವಾಗುತ್ತದೆ, ಒಣಗಿದ ಕಾಂಡವನ್ನು ಕೊಕ್ಕರೆ ತನ್ನ ಕೊಕ್ಕಿನಿಂದ ಮುರಿಯುತ್ತದೆ, ಮೈತುಂಬ ಮುಳ್ಳಿರುವ ಹೆಜ್‌ಹಾಗ್ ಅದನ್ನು ಬಾಚಿ ಎಳೆಯಾಗಿಸುತ್ತದೆ, ಜೇಡಗಳು ನೂಲು ತೆಗೆಯುತ್ತವೆ, ಕಾಡಿನ ಬೆರಿಹಣ್ಣುಗಳು ನೀಲಿ ಬಣ್ಣ ಕೊಡುತ್ತವೆ, ಇರುವೆಗಳು ನೇಯುತ್ತವೆ. ಆಮೇಲೆ ಕ್ರೇಫಿಶ್ ಕತ್ತರಿಸುತ್ತದೆ, ಹಕ್ಕಿ ಹೊಲಿಯುತ್ತದೆ. (ನಮ್ಮಲ್ಲಿ ಅಗಸೆ ಎಂದೊಡನೆ ಚಟ್ನಿಪುಡಿ ನೆನಪಾಗುತ್ತದೆಯೇ ಹೊರತು ಬಟ್ಟೆಯಲ್ಲ. ಆದರೆ ಪುಂಡಿಯ ಕಟ್ಟುಗಳನ್ನು ನೀರಿನಲ್ಲಿ ಕೊಳೆಹಾಕಿ ನಾರು ಸುಲಿಯುವುದನ್ನು ಕಂಡ ಉತ್ತರ ಕರ್ನಾಟಕದ ಓದುಗರಿಗೆ ಈ ಕೆಲಸ ಹೊಸದೆನಿಸಲಾರದು.)

ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ತನ್ನ 1928ರ ಗ್ರಂಥದಲ್ಲಿ ಅದ್ಭುತ ಕಥೆಗಳ ಚಾಲಕಶಕ್ತಿ ‘ಕೊರತೆ’ ಎಂದು ಗುರುತಿಸಿದ್ದು ಸರ್ವವಿದಿತ. ಇಲ್ಲಿ ಕೊರತೆ ರಾಜಕುಮಾರಿಯಲ್ಲ, ರಾಜ್ಯವಲ್ಲ, ಒಂದು ಜೇಬು. ಮಗುವಿನ ಆಸೆಯ ಗಾತ್ರವೂ ಅಷ್ಟೇ. ಡೆನ್ಮಾರ್ಕಿನ ಆಕ್ಸೆಲ್ ಓಲ್ರಿಕ್ ಜನಪದ ಕಥನದಲ್ಲಿ ಒಂದು ದೃಶ್ಯಕ್ಕೆ ಇಬ್ಬರೇ ಪಾತ್ರಧಾರಿಗಳಿರುತ್ತಾರೆಂಬ ನಿಯಮವನ್ನು ಹೇಳಿದ್ದನು. ಈ ಚಿತ್ರವೂ ಬಹುಮಟ್ಟಿಗೆ ಕ್ರ್ತೆಕ್ ಮತ್ತು ಮತ್ತೊಂದು ಜೀವಿಯ ಮುಖಾಮುಖಿಗಳಿಂದಲೇ ಹೆಣೆಯಲ್ಪಟ್ಟಿದೆ. ಇನ್ನು ಇಡೀ ಚಿತ್ರದ ಬಂಧವು ಸರಪಳಿ ಕಥೆಯದು ಎಂಬುದು ಸ್ಪಷ್ಟ. ಜಾಗತಿಕ ಕಥಾವರ್ಗಸೂಚಿಯಲ್ಲಿ 2000ದಿಂದ ಆರಂಭವಾಗುವ ಸಂಖ್ಯೆಗಳಲ್ಲಿ ಈ ಬಗೆಯ ಕಥೆಗಳಿವೆ.

ಆದರೆ ಸಾಮ್ಯವನ್ನು ಗುರುತಿಸಿ ನಿಲ್ಲುವುದು ಸಾಲದು. ಸಾಂಪ್ರದಾಯಿಕ ಸರಪಳಿ ಕಥೆಗಳಲ್ಲಿ ಕೊಂಡಿಗಳನ್ನು ಬೆಸೆಯುವುದು ಸಾಮಾನ್ಯವಾಗಿ ನಿರಾಕರಣೆ ಅಥವಾ ಬೆದರಿಕೆ. ಕೋಲು ನಾಯಿಯನ್ನು ಹೊಡೆಯಲೊಲ್ಲದು, ಬೆಂಕಿ ಕೋಲನ್ನು ಸುಡಲೊಲ್ಲದು, ನೀರು ಬೆಂಕಿಯನ್ನು ಆರಿಸಲೊಲ್ಲದು. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿಯೂ ಮಳೆಯಲ್ಲಿ ನೆನೆದು ಬಂದ ಕಾಗೆಯನ್ನು ಗುಬ್ಬಿ ಒಂದೊಂದೇ ನೆಪ ಹೇಳಿ ಬಾಗಿಲಲ್ಲಿ ಕಾಯಿಸುತ್ತದೆ. ಕೇಳುವ ಮಗುವಿಗೆ ಮುಂದಿನ ನೆಪವೇನೆಂಬ ಕುತೂಹಲ. ಮಿಲೆರ್ ಸರಪಳಿಯ ಲಯವನ್ನು ಉಳಿಸಿಕೊಂಡು ಕೊಂಡಿಗಳನ್ನು ಬದಲಾಯಿಸಿದ್ದಾನೆ. ಇಲ್ಲಿ ಪ್ರತಿ ಜೀವಿಯೂ ತನ್ನ ಮೈಯಲ್ಲಿರುವುದನ್ನೇ ಕೊಡುತ್ತದೆ. ಹೆಜ್‌ಹಾಗ್‌ನ ಮುಳ್ಳು ಹಣಿಗೆಯಾಗುತ್ತದೆ, ಕ್ರೇಫಿಶ್‌ನ ಇಕ್ಕಳ ಕತ್ತರಿಯಾಗುತ್ತದೆ. ಅವು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ, ಮನುಷ್ಯರ ವೇಷ ತೊಡಬೇಕಾಗಿಲ್ಲ. ರೂಪವೇ ಉಪಕರಣ. ಈ ಚಿತ್ರದ ಆಕರ್ಷಣೆಯ ಗುಟ್ಟು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸಿಂಪಿಗ ಹಕ್ಕಿಯ ಗೂಡನ್ನು ನೋಡಿ ಅದಕ್ಕೆ ಆ ಹೆಸರಿಟ್ಟ ನಮ್ಮ ಜನಪದರ ಕಣ್ಣೂ ಇಂಥದೇ.

ಪಾತ್ರಗಳ ಮುದ್ದುತನವನ್ನು ವಿವರಿಸಲು ಸಾಮಾನ್ಯವಾಗಿ ಬಳಸುವ ಸಿದ್ಧಾಂತವೊಂದಿದೆ. ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿ ಮಂಡಿಸಿದ ‘ಶಿಶುಲಕ್ಷಣ’ದ ಸಿದ್ಧಾಂತದ ಪ್ರಕಾರ ದೊಡ್ಡ ತಲೆ, ಉಬ್ಬಿದ ಹಣೆ, ದೊಡ್ಡ ಕಣ್ಣು, ಗುಂಡಗಿನ ಮೈ ಇವು ನೋಡುವವರಲ್ಲಿ ವಾತ್ಸಲ್ಯವನ್ನು ಹುಟ್ಟಿಸುತ್ತವೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರ ಪ್ರಬಂಧವೊಂದರಲ್ಲಿ ಮಿಕ್ಕಿ ಮೌಸ್‌ನ ಚಿತ್ರಗಳನ್ನು ಅಳತೆ ಮಾಡಿ, ಐವತ್ತು ವರ್ಷಗಳಲ್ಲಿ ಅದರ ತಲೆಯೂ ಕಣ್ಣೂ ಹಿಗ್ಗುತ್ತ ಹೋಗಿ ಅದು ಹೆಚ್ಚು ಹೆಚ್ಚು ಮಗುವಿನಂತಾಯಿತೆಂದು ತೋರಿಸಿದನು. ಕ್ರ್ತೆಕ್‌ಗೂ ಈ ಲಕ್ಷಣಗಳಿವೆ: ಗುಂಡು ಮೈ, ಅಗಲವಾದ ಕಣ್ಣು, ಕೆಂಪು ಮೂಗು, ನೆತ್ತಿಯ ಮೇಲೆ ಮೂರು ಕೂದಲು. ನಿಜವಾದ ಮೋಲ್‌ನ ಕಣ್ಣು ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಕಲಾವಿದನು ಪ್ರಕೃತಿಯನ್ನು ಅನುಸರಿಸದೆ ಕಣ್ಣನ್ನು ದಯಪಾಲಿಸಿದ್ದಾನೆ.

ಈ ಸಿದ್ಧಾಂತ ಮೊದಲ ನೋಟದ ಸೆಳೆತವನ್ನು ವಿವರಿಸುತ್ತದೆ. ಮಗು ಅದೇ ಚಿತ್ರವನ್ನು ಇಪ್ಪತ್ತನೆಯ ಬಾರಿ ಏಕೆ ನೋಡುತ್ತದೆ ಎಂಬುದನ್ನು ವಿವರಿಸುವುದಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ತೊಗಲುಗೊಂಬೆಯಾಟದಲ್ಲಿಯೇ ಇದೆ. ಆಟದಲ್ಲಿ ಹಾಸ್ಯಕ್ಕಾಗಿ ಬರುವ ಕಿಳ್ಳೇಕ್ಯಾತನಿಗೆ ಶಿಶುಲಕ್ಷಣದ ಲವಲೇಶವೂ ಇಲ್ಲ. ಕಪ್ಪು ಮೈ, ಉಬ್ಬಿದ ಹೊಟ್ಟೆ, ದಪ್ಪ ತುಟಿ. ಆದರೂ ರಾಮ ಲಕ್ಷ್ಮಣರಿಗೆ ಕೈಮುಗಿಯುವ ಪ್ರೇಕ್ಷಕರು ಹಚ್ಚಿಕೊಳ್ಳುವುದು ಇವನನ್ನೇ, ಇವನ ಬಂಗಾರಕ್ಕನನ್ನೇ. ಹಸಿವು, ಆಸೆ, ಜಗಳ ಎಲ್ಲವೂ ಅವನ ಅಂಗಾಂಗಗಳ ಅಲುಗಾಟದಲ್ಲಿ ಬಯಲಾಗುತ್ತವೆ. ಕ್ರ್ತೆಕ್‌ನೊಂದಿಗೆ ಅವನಿಗಿರುವ ಹೋಲಿಕೆ ಇಷ್ಟೇ: ಎರಡೂ ಹೊರರೇಖೆಯಿಂದಲೇ ಗುರುತು ಸಿಗುವ ಕಪ್ಪು ಆಕೃತಿಗಳು, ಎರಡಕ್ಕೂ ಬೇಕೆಂಬುದನ್ನು ಬಚ್ಚಿಡಲು ಬಾರದು. ಕಿಳ್ಳೇಕ್ಯಾತ ಬಾಯಿಬಡುಕ, ಕ್ರ್ತೆಕ್ ಮಾತೇ ಆಡುವುದಿಲ್ಲ.

ಈ ಮೌನ ಆರಂಭದಿಂದ ಇದ್ದುದಲ್ಲ. ಮೊದಲ ಚಿತ್ರದಲ್ಲಿ ಚೆಕ್ ಭಾಷೆಯ ಸಂಭಾಷಣೆಯಿದೆ. ಎಲ್ಲ ದೇಶಗಳ ಮಕ್ಕಳಿಗೂ ಅರ್ಥವಾಗಬೇಕೆಂಬ ಉದ್ದೇಶದಿಂದ ಮಿಲೆರ್ ಮುಂದಿನ ಚಿತ್ರಗಳಲ್ಲಿ ಮಾತನ್ನು ಕೈಬಿಟ್ಟನು. ಉಳಿದದ್ದು ನಗು, ಅಳು, ಅಚ್ಚರಿಯ ಉದ್ಗಾರ. ಅವುಗಳಿಗೆ ಧ್ವನಿ ಕೊಟ್ಟವರು ಅವನ ಪುಟ್ಟ ಹೆಣ್ಣುಮಕ್ಕಳು. ದೊಡ್ಡವರು ಮಕ್ಕಳ ದನಿಯನ್ನು ಅನುಕರಿಸಿದರೆ ಉಂಟಾಗುವ ಕೃತಕತೆ ಇಲ್ಲಿಲ್ಲ. ಜರ್ಮನಿಯಲ್ಲಿ ಮಕ್ಕಳ ಟೆಲಿವಿಷನ್ ಕಾರ್ಯಕ್ರಮದ ಮೂಲಕ ಈ ಚಿತ್ರಗಳು ಮನೆಮಾತಾದವು. ಮಾತನ್ನು ತೆಗೆದುದರಿಂದ ಮತ್ತೊಂದು ಪರಿಣಾಮವೂ ಆಯಿತು. ನೀತಿಯನ್ನು ಹೇಳುವ ಬಾಯಿಯೇ ಇಲ್ಲವಾಯಿತು. ಇನ್ನೂ ಮಾತು ಕೂಡದ ಮಗುವೊಂದು ನನ್ನ ಪಕ್ಕದಲ್ಲಿ ಕುಳಿತು ಈ ಚಿತ್ರಗಳನ್ನು ನೋಡುತ್ತಿದ್ದಾಗ, ಕ್ರ್ತೆಕ್‌ನ ಉದ್ಗಾರಕ್ಕೆ ತಾನೂ ಉದ್ಗಾರದಿಂದಲೇ ಉತ್ತರಿಸುತ್ತಿತ್ತು. ಕಥೆಗೆ ‘ಹೂಂ’ಗುಟ್ಟುವ ಕ್ರಮ ಅಲ್ಲಿ ತಾನಾಗಿಯೇ ಮರುಹುಟ್ಟು ಪಡೆದಿತ್ತು.

ಮೌನದ ಭಾರವನ್ನು ಹೊರುವುದು ಚಲನೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದ ಬರೆಯುವ ಪದ್ಧತಿಯಲ್ಲಿ ಒಂದೊಂದು ಚಿತ್ರವನ್ನು ಎರಡು ಬಾರಿ ಸೆರೆಹಿಡಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಎಡೆಬಿಡದೆ ಚಲಿಸುವ ಒಂದು ನಿಮಿಷಕ್ಕೆ 720. ಹೀಗಿರುವಾಗ ಪಾತ್ರವು ಸುಮ್ಮನೆ ನಿಲ್ಲುವುದು ಶ್ರಮ ಉಳಿಸುವ ಉಪಾಯವೂ ಹೌದು. ಮಿಲೆರ್‌ನ ಕೈಯಲ್ಲಿ ಈ ನಿಲುಗಡೆ ಅಭಿನಯವಾಯಿತು. ಹೊಸ ವಸ್ತುವೊಂದು ಎದುರಾದೊಡನೆ ಕ್ರ್ತೆಕ್ ನಿಲ್ಲುತ್ತದೆ, ನೋಡುತ್ತದೆ, ಆಮೇಲೆ ಮುಟ್ಟುತ್ತದೆ. ಅದು ಯೋಚಿಸುತ್ತಿದೆ ಎಂದು ನಾವು ತಿಳಿಯುವುದು ಆ ನಿಲುಗಡೆಯಲ್ಲಿಯೇ. 1940ರಲ್ಲಿ ಆರಂಭವಾದ ‘ಟಾಮ್ ಅಂಡ್ ಜೆರ್ರಿ’ಯೂ ಬಹುಪಾಲು ಮಾತಿಲ್ಲದ ಮಾಲಿಕೆಯೇ, ಅಲ್ಲಿನ ವೇಗ ಮತ್ತು ಸಂಗೀತದ ಹೊಂದಾಣಿಕೆ ಅದ್ವಿತೀಯವಾದುದು. ಆದರೆ ಅಲ್ಲಿ ಮೈಯೆಂಬುದು ಚಪ್ಪಟೆಯಾಗಿ, ಸಿಡಿದು, ಮರುಕ್ಷಣ ಸರಿಹೋಗುವ ವಸ್ತು. ಕ್ರ್ತೆಕ್‌ನ ಲೋಕದಲ್ಲಿ ನೀರಿಗೆ ಭಾರವಿದೆ, ಗಿಡ ಬೆಳೆಯಲು ಕಾಯಬೇಕು. ಜೆರ್ರಿಯನ್ನು ಮೆಚ್ಚುತ್ತೇವೆ, ಕ್ರ್ತೆಕ್‌ಗಾಗಿ ಕಳವಳಪಡುತ್ತೇವೆ.

ಐವತ್ತು ಚಿತ್ರಗಳೂ ಒಂದೇ ಮಟ್ಟದವೆಂದು ಹೇಳಲಾಗದು. ಕೆಲವು ಬರಿಯ ತಮಾಷೆಯಲ್ಲಿ ಮುಗಿಯುತ್ತವೆ. ಆದರೆ 1982ರ ‘ನಗರದಲ್ಲಿ ಕ್ರ್ತೆಕ್’ ಗಂಭೀರವಾದ ಕೃತಿ. ಕಾಡನ್ನು ಕಡಿದು ಊರು ಕಟ್ಟುತ್ತಾರೆ. ನೆಲೆ ಕಳೆದುಕೊಂಡ ಕ್ರ್ತೆಕ್, ಮೊಲ ಮತ್ತು ಹೆಜ್‌ಹಾಗ್‌ಗಳಿಗೆ ಕಟ್ಟಡದೊಳಗೆ ಕೃತಕವಾದ ಕಾಡನ್ನು ಒದಗಿಸುತ್ತಾರೆ. ಮೈಯನ್ನೇ ಉಪಕರಣವಾಗಿಸಿಕೊಂಡಿದ್ದ ಜೀವಿಗಳಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ತೋಡಲು ಮಣ್ಣಿಲ್ಲದ ಮೋಲ್‌ನ ಪಾಡು ಸ್ಥಳಾಂತರಗೊಂಡ ಸಮುದಾಯಗಳ ನಡುವೆ ಕ್ಷೇತ್ರಕಾರ್ಯ ಮಾಡಿದವರನ್ನು ತಟ್ಟದೆ ಇರದು. 1987ರ ಮತ್ತೊಂದು ಚಿತ್ರದಲ್ಲಿ ಕಾಯಿಲೆ ಬಿದ್ದ ಇಲಿಗಾಗಿ ಕ್ರ್ತೆಕ್ ಮದ್ದಿನ ಗಿಡವನ್ನು ಅರಸುತ್ತ ಲೋಕವನ್ನೇ ಸುತ್ತುತ್ತದೆ; ಇದಂತೂ ನೇರವಾಗಿ ಜನಪದ ಕಥೆಯ ಆಶಯ.

ಮಿಲೆರ್ 2011ರಲ್ಲಿ ತೀರಿಕೊಂಡನು. ಅದೇ ವರ್ಷದ ಮೇ ತಿಂಗಳಿನಲ್ಲಿ ಕ್ರ್ತೆಕ್‌ನ ಪುಟ್ಟ ಬಟ್ಟೆಗೊಂಬೆಯೊಂದು ಅಮೆರಿಕದ ಗಗನನೌಕೆ ‘ಎಂಡೆವರ್’ನಲ್ಲಿ ಅಂತರಿಕ್ಷಕ್ಕೆ ಹೋಗಿಬಂದಿತು. 2016ರಲ್ಲಿ ಚೀನಾದ ಸಹಭಾಗಿತ್ವದಲ್ಲಿ ‘ಕ್ರ್ತೆಕ್ ಮತ್ತು ಪಾಂಡಾ’ ಎಂಬ ಹೊಸ ಮಾಲಿಕೆ ಕಂಪ್ಯೂಟರ್ ಅನಿಮೇಷನ್‌ನಲ್ಲಿ ಬಂದಿತು. ಅಲ್ಲಿ ಅದು ಮಾತನಾಡುತ್ತದೆ. ಕಥೆಗಾರನು ಅಳಿದ ಮೇಲೂ ಕಥೆ ಬೇರೆ ಬಾಯಿಗಳಲ್ಲಿ ಬದಲಾಗುತ್ತ ಸಾಗುವುದು ಜಾನಪದದ ಸ್ವಭಾವವೇ ಆದುದರಿಂದ ಇದನ್ನು ತಾತ್ವಿಕವಾಗಿ ಆಕ್ಷೇಪಿಸಲು ನನ್ನಂಥವರಿಗೆ ಅವಕಾಶ ಕಡಿಮೆ. ಆದರೂ ಮೌನವನ್ನು ತ್ಯಜಿಸಿದೊಡನೆ ನಿಲುಗಡೆಯ ಅಗತ್ಯವೂ ತಪ್ಪುತ್ತದೆ, ಯೋಚಿಸಿದ್ದನ್ನು ಹೇಳಿಬಿಟ್ಟರಾಯಿತು. ನಮ್ಮ ಜನಪದ ಕಥೆಗಳನ್ನು ಅನಿಮೇಷನ್‌ಗೆ ಅಳವಡಿಸುವವರು ಮೊದಲು ನಿರೂಪಕನ ದನಿಯನ್ನೂ ಕೊನೆಗೆ ನೀತಿಯನ್ನೂ ಸೇರಿಸುವುದನ್ನು ಕಂಡಾಗಲೆಲ್ಲ ಈ ಸಂಗತಿ ನೆನಪಾಗುತ್ತದೆ. ಕಾಗಕ್ಕ ಬಾಗಿಲಲ್ಲಿ ನಿಂತು ಮಳೆಯಲ್ಲಿ ನೆನೆಯುವುದನ್ನು ಒಂದು ನಿಮಿಷ ತೋರಿಸುವ ಧೈರ್ಯ ಅವರಿಗೆ ಬರಬೇಕಾಗಿದೆ.

ಅಂದ ಹಾಗೆ, ಅಷ್ಟು ಜನರ ದುಡಿಮೆಯಿಂದ ದೊರೆತ ಆ ನೀಲಿ ಚಡ್ಡಿ ಮುಂದಿನ ಬಹುಪಾಲು ಚಿತ್ರಗಳಲ್ಲಿ ಕಾಣಿಸುವುದಿಲ್ಲ. ಕ್ರ್ತೆಕ್ ಮೊದಲಿನಂತೆ ಬರಿಮೈಯಲ್ಲಿಯೇ ಮಣ್ಣಿನ ಗುಡ್ಡೆಯಿಂದ ತಲೆಯೆತ್ತುತ್ತದೆ. ಯಾವ ಮಗುವೂ ಅದನ್ನು ಪ್ರಶ್ನಿಸಿದ್ದನ್ನು ನಾನು ಕಂಡಿಲ್ಲ.