ಏರುವ ನೀರಿನ ಲೆಕ್ಕ

ವಿಜಯಪುರ ಜಿಲ್ಲೆಯ ಮಮದಾಪುರದ ದೊಡ್ಡ ಕೆರೆ 17ನೇ ಶತಮಾನದ್ದು, ಮುಹಮ್ಮದ್ ಆದಿಲ್‌ಶಾ ಕಟ್ಟಿಸಿದ್ದು. ಮಳೆನೀರು ಇಳಿಜಾರು ಹಿಡಿದು ತಾನಾಗಿ ಬಂದು ಅದರಲ್ಲಿ ನಿಲ್ಲುತ್ತಿತ್ತು, ಹೊಲಕ್ಕೂ ಇಳಿದೇ ಹೋಗುತ್ತಿತ್ತು. ಇವತ್ತು ಬಬಲೇಶ್ವರ, ತಿಕೋಟಾ ಸೀಮೆಯಲ್ಲಿ ನೀರು ಏರಬೇಕು. ಕೃಷ್ಣೆಯಿಂದ ಏತ ನೀರಾವರಿಯ ಪಂಪು ಎತ್ತಬೇಕು, ಇಲ್ಲವೇ ಬೋರು ನೆಲದಾಳದಿಂದ ಎಳೆಯಬೇಕು. ಈ ಸೀಮೆಯಲ್ಲಿ ಬಿಸಿಲು, ಗಾಳಿಯ ವಿದ್ಯುತ್ತಿನ ಮಾತು ಶುರುವಾಗಬೇಕಾದ್ದು ಇಲ್ಲಿಂದಲೇ.

ಒಂದು ಎಕರೆಗೆ ಒಂದು ಇಂಚು ನೀರು ಉಣಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಅದನ್ನು 100 ಮೀಟರ್ ಎತ್ತಲು ಭೂಮಿಯ ಸೆಳೆತವೊಂದೇ ಸುಮಾರು 28 ಯೂನಿಟ್ ಕೇಳುತ್ತದೆ. ಪಂಪು, ಪೈಪಿನಲ್ಲಿ ಅರ್ಧ ಶಕ್ತಿ ಪೋಲಾದರೆ 56. ಅಷ್ಟನ್ನು ಕಲ್ಲಿದ್ದಲಿನಿಂದ ಪಡೆದರೆ ಸುಮಾರು 40 ಕಿಲೋ ಸುಡಬೇಕು. 50 ಕಿಲೋಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜಿಲ್ಲೆಯ ಕೂಡಗಿಯಲ್ಲೇ 2400 ಮೆಗಾವಾಟ್‌ನ ಸ್ಥಾವರವಿದೆ. ಕಲ್ಲಿದ್ದಲು ಹೊರರಾಜ್ಯದ್ದು, ಅದಕ್ಕೆ ಕೊಟ್ಟ ಹಣ ಹೊರಗೆ ಹೋಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ.

ಬೇಸಿಗೆಯಲ್ಲಿ ಬೆಳೆ ಬಾಡುವ ಹೊತ್ತಿಗೇ ಸೌರ ಪಂಪು ಚೆನ್ನಾಗಿ ದುಡಿಯುತ್ತದೆ. ಮಳೆಗಾಲದಲ್ಲಿ ಮೋಡ ಕವಿದಾಗ ಗಾಳಿಯಂತ್ರಗಳ ಸುಗ್ಗಿ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಗಾಳಿಯನ್ನು ದುಡಿಸಿಕೊಳ್ಳುವುದೇನೂ ಹೊಸತಲ್ಲ. ಶೆಡ್ಡಿನ ಬಲೆಯ ಮೇಲೆ ಹರವಿದ ಹಣ್ಣನ್ನು ಒಣದ್ರಾಕ್ಷಿ ಮಾಡುವುದು ಇಲ್ಲಿನ ಒಣಗಾಳಿಯೇ. ಸೌರ ಪಂಪಿನಿಂದ ಹಗಲೇ ನೀರು ಸಿಕ್ಕರೆ, ರಾತ್ರಿ ತ್ರೀಫೇಸ್ ಬಂತೆಂದು ಬ್ಯಾಟರಿ ಹಿಡಿದು ಹಾವು ಚೇಳಿನ ನಡುವೆ ನೀರು ಹಾಯಿಸಲು ಹೋಗುವುದು ತಪ್ಪುತ್ತದೆ. ಈ ಲಾಭ ಯಾವ ಜಿಡಿಪಿಯಲ್ಲೂ ಕಾಣುವುದಿಲ್ಲ. ನಾನು ಮೊದಲು ಎಣಿಸುವುದು ಇದನ್ನೇ.

ಆದರೆ ಅಪಾಯವೂ ಇಲ್ಲೇ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟು ಉಚಿತ, ಬರುವುದು ಮಾತ್ರ ಕೆಲವೇ ತಾಸು. ಬಿಸಿಲಿಗೆ ಆ ಕಟ್ಟೂ ಇಲ್ಲ. ದಿನವಿಡೀ ಪಂಪು ಓಡಿದರೆ ಬೋರು ಬತ್ತುತ್ತದೆ. 2019ರಲ್ಲಿ ಶುರುವಾದ ಕೇಂದ್ರದ ಸೌರ ಪಂಪು ಯೋಜನೆ ಪಿಎಂ ಕುಸುಮ್‌ನಲ್ಲಿ ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್ಡಿಗೆ ಮಾರಲು ಅವಕಾಶವಿರುವುದು ಅದಕ್ಕೇ ಮುಖ್ಯ. ನೀರೆತ್ತದೆ ಬಿಟ್ಟರೂ ರೈತನಿಗೆ ಆದಾಯ.

ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಇನ್ನೊಂದು ಪಾಠ. ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್. ಭೂಮಿ ಕೊಂಡಿಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಹೊಲವಿದ್ದವರಿಗೆ ಬರದಲ್ಲೂ ತಪ್ಪದ ಹಣ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ.

ಮಮದಾಪುರದ ಸುತ್ತ ಫಲಕ ಹಾಕುವುದಾದರೆ ಬಿಳಿಜೋಳದ ಎರಿ ಹೊಲ ಬಿಟ್ಟು ಕಾಲುವೆಗಳ ಮೇಲೆ ಹಾಕಲಿ. ನೆರಳಿನಡಿ ನೀರು ಆವಿಯಾಗುವುದು ಕಡಿಮೆ. ಅಷ್ಟು ನೀರನ್ನು ಮತ್ತೆ ಎತ್ತುವ ಕರೆಂಟೂ ಉಳಿಯುತ್ತದೆ.